ಗಣಕ ವಿಜ್ಞಾನದ ಪದವಿಯೂ ನಮ್ಮ ಶಾಲೆಯ ಮಕ್ಕಳೂ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಮರುದಿನದಿಂದಲೇ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. “ಹುಡುಗನಿಗೆ ಕಂಪ್ಯೂಟರ್ ಓದಿಸಬೇಕೆಂದಿದ್ದೇವೆ ಗುರುಗಳೇ, ಕನ್ನಡ ಶಾಲೆಯಲ್ಲಿ ಓದಿದವನ ತಲೆಗೆ ಅದು ಹತ್ತೀತೇ?” ಹೀಗೆ ಬಾಯಿಬಿಟ್ಟು ಕೇಳುವವರು ಕೆಲವರು. ಕೇಳದೆಯೇ ಉತ್ತರವನ್ನು ನಿಶ್ಚಯಿಸಿಕೊಂಡವರು ಹಲವರು. ಅಂತಹವರು ಮಗು ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿರುವಾಗಲೇ ಅದನ್ನು ಕನ್ನಡ ಶಾಲೆಯಿಂದ ಬಿಡಿಸಿ, ಹಳದಿ ಬಣ್ಣದ ಬಸ್ಸು ಹತ್ತಿಸಿ, ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಾರೆ. ಕಾರಣ ಕೇಳಿದರೆ, “ಮುಂದೆ ಕಂಪ್ಯೂಟರ್ ಓದಬೇಕಲ್ಲ” ಎನ್ನುತ್ತಾರೆ. ಗಡಿನಾಡಿನ ಕನ್ನಡ ಶಾಲೆಗಳ ಹಾಜರಿ ಪುಸ್ತಕ ತೆಳುವಾಗುತ್ತಿರುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಈ ಒಂದು ಮಾತಿನ ಪಾಲು ಸಣ್ಣದಲ್ಲ.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಶುಭ ಹಾರೈಕೆಯ ನಾಲ್ಕು ಮಾತು ಬರೆದು ಕೈಮುಗಿಯುವುದು ರೂಢಿ. ಐವತ್ತು ವರ್ಷ ತುಂಬಿದ ಶಾಲೆ ಮುಂದಿನ ಐವತ್ತನ್ನೂ ಕಾಣಬೇಕೆಂಬ ಆಸೆಯಿರುವುದರಿಂದ, ಆ ಒಂದು ಪ್ರಶ್ನೆಯನ್ನೇ ಇಲ್ಲಿ ಎತ್ತಿಕೊಳ್ಳುತ್ತೇನೆ. ಗಣಕ ವಿಜ್ಞಾನವನ್ನು ಕಲಿಸುವುದೇ ನನ್ನ ವೃತ್ತಿಯಾದ್ದರಿಂದ ಈ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಕನ್ನಡದಲ್ಲಿ ಹತ್ತು ವರ್ಷ ಓದಿದ ಮಗು ಗಣಕ ವಿಜ್ಞಾನದ ಪದವಿಯನ್ನು ಯಾರಿಗೂ ಕಡಿಮೆಯಿಲ್ಲದಂತೆ ಮುಗಿಸಬಲ್ಲದು. ಆದರೆ ಪ್ರತಿಯೊಂದು ಮಗುವೂ ಅದನ್ನೇ ಓದಬೇಕೆಂಬುದು ತಪ್ಪು. ಸಿಕ್ಕ ಕಾಲೇಜಿನಲ್ಲಿ ಹೊಲ ಮಾರಿಯಾದರೂ ಓದಿಸಬೇಕೆಂಬುದು ಇನ್ನೂ ದೊಡ್ಡ ತಪ್ಪು.

ಮೊದಲು ಗಣಕ ವಿಜ್ಞಾನವೆಂದರೇನು ಎಂಬುದನ್ನು ತಿಳಿಯಬೇಕು. ನಮ್ಮ ಕಡೆ ‘ಕಂಪ್ಯೂಟರ್ ಕಲಿತಿದ್ದಾನೆ’ ಎಂದರೆ ಟೈಪು ಮಾಡಬಲ್ಲ, ಟ್ಯಾಲಿಯಲ್ಲಿ ಲೆಕ್ಕ ಬರೆಯಬಲ್ಲ, ಮೀ-ಸೇವಾ ಕೇಂದ್ರದಲ್ಲಿ ಅರ್ಜಿ ತುಂಬಬಲ್ಲ ಎಂದು ಅರ್ಥ. ಇವು ಉಪಯುಕ್ತ ಕುಶಲತೆಗಳೇ. ಆರು ತಿಂಗಳಲ್ಲಿ ಬರುವಂಥವು. ಆದರೆ ನಾಲ್ಕು ವರ್ಷದ ಪದವಿಯಲ್ಲಿ ಕಲಿಯುವುದು ಇದಲ್ಲ. ಅಲ್ಲಿ ತರ್ಕ, ಗಣಗಳು, ಸಂಯೋಜನೆ, ಸಂಭವನೀಯತೆಗಳ ಗಣಿತವಿದೆ; ದತ್ತಾಂಶವನ್ನು ಹೇಗೆ ಜೋಡಿಸಿಟ್ಟರೆ ಬೇಗ ಸಿಗುತ್ತದೆಂಬ ವಿಚಾರವಿದೆ; ಒಂದೇ ಯಂತ್ರವನ್ನು ಹತ್ತು ಕೆಲಸಗಳು ಹಂಚಿಕೊಳ್ಳುವುದು ಹೇಗೆ, ಮನುಷ್ಯ ಬರೆದ ಆದೇಶವನ್ನು ಯಂತ್ರದ ಭಾಷೆಗೆ ಇಳಿಸುವುದು ಹೇಗೆ, ಒಂದೂರಿನ ಸಂದೇಶ ಇನ್ನೊಂದೂರಿಗೆ ತುಂಡುತುಂಡಾಗಿ ಹೋಗಿ ಪುನಃ ಒಂದಾಗುವುದು ಹೇಗೆ ಎಂಬ ಪಾಠಗಳಿವೆ. ಇವುಗಳ ತಳಹದಿ ಗಣಿತ ಮತ್ತು ಕ್ರಮಬದ್ಧವಾದ ವಿಚಾರ. ಯಂತ್ರವು ಅವುಗಳನ್ನು ಪರೀಕ್ಷಿಸುವ ಸಾಧನ.

ಒಂದು ಉದಾಹರಣೆ ಕೊಡುತ್ತೇನೆ. ಸಾವಿರ ಪುಟಗಳ ನಿಘಂಟಿನಲ್ಲಿ ಒಂದು ಪದ ಹುಡುಕಬೇಕು. ಮೊದಲ ಪುಟದಿಂದ ಒಂದೊಂದಾಗಿ ತಿರುವುತ್ತಾ ಹೋದರೆ ದುರದೃಷ್ಟವಿದ್ದಲ್ಲಿ ಸಾವಿರ ಪುಟವನ್ನೂ ನೋಡಬೇಕಾದೀತು. ಬದಲಾಗಿ ನಟ್ಟನಡುವೆ ತೆರೆದು, ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಬೇಡವಾದ ಅರ್ಧವನ್ನು ಬಿಟ್ಟು, ಉಳಿದರ್ಧದ ನಡುವೆ ಮತ್ತೆ ತೆರೆದರೆ ಹೆಚ್ಚೆಂದರೆ ಹತ್ತೇ ಸಲದಲ್ಲಿ ಆ ಪುಟ ಸಿಗುತ್ತದೆ. ಹತ್ತು ಲಕ್ಷ ಪುಟಗಳಿದ್ದರೂ ಇಪ್ಪತ್ತು ಸಲ ಸಾಕು. ಈ ಉಪಾಯ ಫಲಿಸಬೇಕಾದರೆ ಪದಗಳು ಅಕಾರಾದಿಯಾಗಿ ಜೋಡಣೆಯಾಗಿರಬೇಕು, ಜೋಡಿಸುವುದಕ್ಕೂ ಶ್ರಮವಿದೆ, ಹಾಗಾದರೆ ಯಾವಾಗ ಜೋಡಿಸಿಡುವುದು ಲಾಭ, ಯಾವಾಗ ನಷ್ಟ? ಪದವಿ ತರಗತಿಯ ಒಂದು ಇಡೀ ಪತ್ರಿಕೆ ಈ ಬಗೆಯ ಪ್ರಶ್ನೆಗಳಿಂದಲೇ ತುಂಬಿರುತ್ತದೆ. ಇದರಲ್ಲಿ ಕನ್ನಡದ ಹುಡುಗಿಗೆ ತಿಳಿಯದೆ ಹೋಗುವಂಥದ್ದು ಏನಿದೆ?

ತಾಂಡೂರಿನ ಪಾಲಿಷ್ ಕಾರ್ಖಾನೆಗಳ ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿದ ಫರಸಿ ಕಲ್ಲುಗಳನ್ನು ನೋಡಿದವನಿಗೆ, ಕೊನೆಗೆ ಇಟ್ಟದ್ದೇ ಮೊದಲು ಹೊರಬರುತ್ತದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಣಕ ವಿಜ್ಞಾನದಲ್ಲಿ ಅದರ ಹೆಸರು ‘ಸ್ಟ್ಯಾಕ್’. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಬಾಗಿಲ ಮುಂದೆ ಗಾಡಿಗಳು ಸರದಿ ಹಿಡಿದು ನಿಂತುದನ್ನು ಕಂಡವನಿಗೆ ‘ಕ್ಯೂ’ ಎಂಬುದರ ವ್ಯಾಖ್ಯೆ ಬೇಡ. ನಡುವೆ ನುಗ್ಗಿದವನಿಂದ ಏನಾಗುತ್ತದೆಂಬುದೂ ಅವನಿಗೆ ಗೊತ್ತು. ತತ್ತ್ವಗಳು ಬದುಕಿನಲ್ಲಿವೆ. ಹೆಸರುಗಳು ಮಾತ್ರ ಇಂಗ್ಲಿಷಿನಲ್ಲಿವೆ.

ಗಣಿತ ನಮ್ಮ ನೆಲಕ್ಕೆ ಹೊಸತಲ್ಲವೆಂಬುದನ್ನೂ ಹೇಳಬೇಕು. ತಾಂಡೂರಿನಿಂದ ವಾಡಿಯ ಕಡೆಗೆ ಹೋಗುವ ರೈಲು ಮಾರ್ಗದ ಮೇಲೆಯೇ ಮಳಖೇಡವಿದೆ; ಅದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬುದಕ್ಕೆ ಸಾರ್ವತ್ರಿಕ ನಿಯಮವನ್ನು ಕೊಟ್ಟವರಲ್ಲಿ ಆತ ಅಗ್ರಗಣ್ಯ. ಅದೇ ನಿಯಮವನ್ನು ಇಂದು ಗಣಕ ವಿಜ್ಞಾನದ ವಿದ್ಯಾರ್ಥಿಗಳು ಎರಡನೆಯ ವರ್ಷದಲ್ಲಿ ಓದುತ್ತಾರೆ. ಆತನ ಕೃತಿ ಸಂಸ್ಕೃತದಲ್ಲಿದೆ. ಆದರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಗಣಿತವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತಿಗೆ ಎಂಟುನೂರು ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ. ಇಷ್ಟು ಹೇಳಿದ ಮಾತ್ರಕ್ಕೆ, ಸಿರಿಭೂವಲಯವನ್ನು ಮುಂದೊಡ್ಡಿ ಗಣಕಯಂತ್ರವೇ ನಮ್ಮ ಪೂರ್ವಿಕರದೆಂದು ವೇದಿಕೆಯಲ್ಲಿ ಗುಡುಗುವವರ ಸಾಲಿಗೆ ನಾನು ಸೇರಿದವನೆಂದು ದಯವಿಟ್ಟು ಭಾವಿಸಬಾರದು.

ಇನ್ನು ಭಾಷೆಯ ತೊಡಕಿನ ವಿಚಾರ. ತೊಡಕು ಇಲ್ಲವೆಂದು ಹೇಳುವವರು ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ. ಆದರೆ ಅದು ಎಲ್ಲಿದೆಯೆಂಬುದನ್ನು ಸರಿಯಾಗಿ ಗುರುತಿಸಬೇಕು. ಪ್ರೋಗ್ರಾಮ್ ಬರೆಯಲು ಇಂಗ್ಲಿಷ್ ಬೇಕೆಂಬುದು ಸಾಮಾನ್ಯ ನಂಬಿಕೆ. ‘ಸಿ’ ಎಂಬ ಪ್ರಸಿದ್ಧ ಪ್ರೋಗ್ರಾಮಿಂಗ್ ಭಾಷೆಗೆ 1989ರಲ್ಲಿ ಅಮೆರಿಕೆಯ ಮಾನಕ ಸಂಸ್ಥೆ ನಿಗದಿಪಡಿಸಿದ ರೂಪದಲ್ಲಿ ಕಾಯ್ದಿರಿಸಿದ ಪದಗಳು ಕೇವಲ 32. ಈ 32 ಪದಗಳನ್ನು ನಮ್ಮ ಆರನೆಯ ತರಗತಿಯ ಮಕ್ಕಳು ಒಂದು ವಾರದಲ್ಲಿ ಬಾಯಿಪಾಠ ಮಾಡಿಯಾರು. ಅಷ್ಟೇಕೆ, ಮಕ್ಕಳಿಗೆಂದೇ ರೂಪುಗೊಂಡ ‘ಲೋಗೋ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಡಾ. ಯು. ಬಿ. ಪವನಜ ಅವರು ಕನ್ನಡದಲ್ಲಿಯೇ ಸಿದ್ಧಪಡಿಸಿದ್ದಾರೆ; ಅದರಲ್ಲಿ ಆದೇಶಗಳೂ ಕನ್ನಡದಲ್ಲಿವೆ. ತೊಡಕಿರುವುದು ಪಠ್ಯಪುಸ್ತಕದಲ್ಲಿ. ಆರುನೂರು ಪುಟದ ಇಂಗ್ಲಿಷ್ ಗ್ರಂಥವನ್ನು ಕೈಗಿತ್ತು ಮುಂದಿನ ಸೋಮವಾರಕ್ಕೆ ಎರಡು ಅಧ್ಯಾಯ ಓದಿಕೊಂಡು ಬರಲು ಹೇಳಿದಾಗ ಕನ್ನಡ ಮಾಧ್ಯಮದ ವಿದ್ಯಾರ್ಥಿ ತತ್ತರಿಸುತ್ತಾನೆ. ಮೊದಲ ಸೆಮಿಸ್ಟರಿನಲ್ಲಿ ಎದ್ದುನಿಂತು ಪ್ರಶ್ನೆ ಕೇಳಲು ನಾಚುತ್ತಾನೆ. ಕೇಳದೆ ಹೋದದ್ದು ಕಲಿಯದೆ ಹೋಗುತ್ತದೆ. ಎರಡು ವಿಷಯ ಉಳಿಯುತ್ತವೆ. ಊರಿಗೆ ಬಂದಾಗ “ನಾವು ಮೊದಲೇ ಹೇಳಿದ್ದೆವು” ಎನ್ನುವವರು ಕಾದಿರುತ್ತಾರೆ. ಈ ಮೊದಲ ಆರು ತಿಂಗಳನ್ನು ದಾಟಿಸಿಬಿಟ್ಟರೆ ಎರಡನೆಯ ವರ್ಷದಿಂದಾಚೆಗೆ ಮಾಧ್ಯಮದ ಗುರುತು ಅಳಿಸಿಹೋಗುವುದನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಆಗ ಉಳಿಯುವ ವ್ಯತ್ಯಾಸ ಒಂದೇ: ಗಣಿತ ಬಲ್ಲವರು, ಗಣಿತ ಬಾರದವರು.

ಭಾರತೀಯ ಭಾಷೆಯಲ್ಲಿ ತಾಂತ್ರಿಕ ವಿದ್ಯೆಯೇ ಅಸಾಧ್ಯವೆಂಬ ಮಾತನ್ನಂತೂ ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದವರು ಆಡಬಾರದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನ ಮಾಧ್ಯಮವಾಗಿ ಇಟ್ಟುಕೊಂಡಿತು. ವೈದ್ಯಕೀಯವನ್ನೂ ಎಂಜಿನಿಯರಿಂಗನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕಾಗಿ ಭಾಷಾಂತರ ವಿಭಾಗವೊಂದನ್ನು ತೆರೆದು, ವಿದ್ವಾಂಸರನ್ನು ಕೂಡಿಸಿ, ಪಾರಿಭಾಷಿಕ ಪದಗಳನ್ನು ರಚಿಸಿ, ಗ್ರಂಥಗಳನ್ನು ಮಾಡಿಸಿತು. 1948ರಲ್ಲಿ ಸಂಸ್ಥಾನ ವಿಲೀನಗೊಂಡ ತರುವಾಯ ಆ ಜಾಗಕ್ಕೆ ಇಂಗ್ಲಿಷ್ ಬಂದಿತು. ಉರ್ದು ಇಲ್ಲಿನ ಬಹುಜನರ ಮನೆಮಾತಾಗಿರಲಿಲ್ಲವೆಂಬುದು ಆ ಪ್ರಯೋಗದ ದೊಡ್ಡ ಕೊರತೆ. ನಮ್ಮ ಹಿರಿಯರು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಅಲಿಫ್-ಬೇ ತಿದ್ದಿದವರು. ಆದರೂ ಆ ಪ್ರಯೋಗ ಒಂದು ಸಂಗತಿಯನ್ನು ಸಿದ್ಧಪಡಿಸಿತು. ಪುಸ್ತಕ, ಪದಕೋಶ, ಅಧ್ಯಾಪಕ, ಈ ಮೂರನ್ನು ಒದಗಿಸಿದರೆ ಭಾಷೆ ಯಾವುದಾದರೂ ನಡೆಯುತ್ತದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021-22ರ ಶೈಕ್ಷಣಿಕ ವರ್ಷದಿಂದ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಪಠ್ಯಪುಸ್ತಕಗಳನ್ನು ಕನ್ನಡಕ್ಕೆ ತರುವ ಕೆಲಸವನ್ನೂ ಪರಿಷತ್ತು ಕೈಗೊಂಡಿತು. ಪೂರ್ಣ ಕನ್ನಡ ಮಾಧ್ಯಮದ ಎಂಜಿನಿಯರಿಂಗಿಗೆ ನಮ್ಮ ಮಕ್ಕಳನ್ನು ಸೇರಿಸಿರೆಂದು ನಾನು ಸದ್ಯಕ್ಕೆ ಹೇಳಲಾರೆ. ಉದ್ಯೋಗ ಕೊಡುವವರು ಇನ್ನೂ ಅದಕ್ಕೆ ಸಿದ್ಧರಿಲ್ಲ. ಆದರೆ ಆ ಕನ್ನಡ ಪುಸ್ತಕಗಳನ್ನು ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಗಡಿನಾಡಿನ ಮಕ್ಕಳಿಗೆ ಒಂದು ಹೆಚ್ಚಿನ ಬಲವಿದೆ, ಅದನ್ನು ನಾವೇ ಮರೆತಿದ್ದೇವೆ. ನಮ್ಮ ಮಗು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್‌ನಿಲ್ದಾಣದಲ್ಲಿ ದಖನಿ ಉರ್ದು, ನಾರಾಯಣಖೇಡದ ಕಡೆಯದಾದರೆ ಮರಾಠಿಯನ್ನೂ ಆಡುತ್ತದೆ. ಒಂದೇ ಅರ್ಥವನ್ನು ನಾಲ್ಕು ಸಂಕೇತಗಳಲ್ಲಿ ಹೇಳುವುದು ಅದಕ್ಕೆ ಹುಟ್ಟುಗುಣ. ಗಣಕ ವಿಜ್ಞಾನದ ಅರ್ಧದಷ್ಟು ಈ ಕೆಲಸವೇ ಅಲ್ಲವೇ? ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ತೆಲುಗಿಗೆ 128 ಸ್ಥಾನಗಳು; ಅವು ಮುಗಿದ ಮರುಸ್ಥಾನದಿಂದಲೇ ಕನ್ನಡದ 128 ಸ್ಥಾನಗಳು ಆರಂಭವಾಗುತ್ತವೆ. ಅಲ್ಲಿಯೂ ನಾವು ಗಡಿ ಹಂಚಿಕೊಂಡ ನೆರೆಯವರು! ತೆಲುಗಿನ ‘ಕ’ಕಾರದ ಸಂಖ್ಯೆ 3093, ಕನ್ನಡದ ‘ಕ’ಕಾರದ್ದು 3221. ತೆಲುಗಿನ ‘ಮ’ 3118, ಕನ್ನಡದ ‘ಮ’ 3246. ಎರಡು ಕಡೆಯೂ ವ್ಯತ್ಯಾಸ 128. ಅಂದರೆ ತೆಲುಗಿನ ಅಕ್ಷರದ ಸಂಖ್ಯೆಗೆ 128ನ್ನು ಕೂಡಿಸಿದರೆ, ಕೆಲವು ಅಪವಾದಗಳನ್ನು ಬಿಟ್ಟು, ಅದೇ ಅಕ್ಷರ ಕನ್ನಡದಲ್ಲಿ ಮೂಡುತ್ತದೆ. ತೆಲುಗು ಫಲಕವನ್ನು ಕನ್ನಡ ಲಿಪಿಗೆ ತರುವ ಪ್ರೋಗ್ರಾಮನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಐದಾರು ಸಾಲುಗಳಲ್ಲಿ ಬರೆಯಬಹುದು. ಬೆಂಗಳೂರಿನ ಮಗುವಿಗಿಂತ ಜಹೀರಾಬಾದಿನ ಮಗುವಿಗೆ ಇದರ ರುಚಿ ಬೇಗ ಹತ್ತುತ್ತದೆ. ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರ ಸಾಧನೆಯ ಹಿಂದೆಯೂ ಭಾಷೆಯ ಧ್ವನಿವ್ಯವಸ್ಥೆಯ ತಿಳಿವಳಿಕೆಯೇ ಇದೆ. ಅಕ್ಷರ ಬಲ್ಲವರು ಯಂತ್ರಕ್ಕೆ ಅಕ್ಷರ ಕಲಿಸಿದರು.

ಹಳ್ಳಿಯ ಮಗುವಿನಿಂದ ಆಗದೆಂಬ ಸಂಶಯವುಳ್ಳವರಿಗೆ ಇನ್ನೊಂದು ಹೆಸರು ಹೇಳಬಹುದು. ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1994ರಲ್ಲಿ ಹಂಚಿಕೊಂಡ ರಾಜ್ ರೆಡ್ಡಿಯವರು ಚಿತ್ತೂರು ಜಿಲ್ಲೆಯ ಕಾಟೂರೆಂಬ ಹಳ್ಳಿಯ ರೈತನ ಮಗ. ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಮದರಾಸಿನ ಗಿಂಡಿಯಲ್ಲಿ ಅವರು ಪಡೆದ ಪದವಿ ಸಿವಿಲ್ ಎಂಜಿನಿಯರಿಂಗಿನದು. ಪದವಿಯ ಹೆಸರಿಗಾಗಿ ಪ್ರಾಣ ಬಿಡುವ ತಂದೆತಾಯಿಗಳು ಈ ಕೊನೆಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

ನಮ್ಮ ಮಕ್ಕಳಿಗೆ ನಿಜವಾದ ಅಡ್ಡಿ ಪಾಠದಲ್ಲಿ ಕಡಿಮೆ, ಪ್ರವೇಶದ ನಿಯಮಗಳಲ್ಲಿ ಹೆಚ್ಚು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗ ಜಿಲ್ಲೆಯ ತಾಂಡೂರು, ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಒಂದೇ ಜಿಲ್ಲೆಯಲ್ಲಿದ್ದ ಅಣ್ಣತಮ್ಮಂದಿರ ಮಕ್ಕಳು ಇಂದು ಬೇರೆ ಬೇರೆ ನಿಯಮಗಳಿಗೆ ಒಳಪಟ್ಟಿದ್ದಾರೆ. ಸಂವಿಧಾನದ 371-ಜೆ ವಿಧಿಯ ಪ್ರಕಾರ ಬೀದರ, ಕಲಬುರಗಿ ಮೊದಲಾದ ಜಿಲ್ಲೆಗಳ ಮಕ್ಕಳಿಗೆ ಆ ಭಾಗದ ಕಾಲೇಜುಗಳಲ್ಲಿ ಸೀಟುಗಳ ಮೀಸಲಾತಿಯಿದೆ. ಹಳೆಯ ಬೀದರ ಜಿಲ್ಲೆಯದೇ ಆದ ಜಹೀರಾಬಾದಿನ ಮಗುವಿಗೆ ಆ ಸೌಲಭ್ಯವಿಲ್ಲ. ಇತ್ತ ತೆಲಂಗಾಣದ ಪ್ರವೇಶ ಪರೀಕ್ಷೆಯಾದ ಇಎಪಿಸೆಟ್‌ನ ಪ್ರಶ್ನೆಗಳು ಇಂಗ್ಲಿಷಿನ ಜೊತೆಗೆ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಇರುತ್ತವೆ, ಕನ್ನಡದಲ್ಲಿ ಇರುವುದಿಲ್ಲ. ಐಐಟಿ, ಎನ್‌ಐಟಿಗಳಿಗೆ ಹೋಗಲು ಬರೆಯಬೇಕಾದ ಜೆಇಇ ಮುಖ್ಯ ಪರೀಕ್ಷೆ 2021ರಿಂದ 13 ಭಾಷೆಗಳಲ್ಲಿ ನಡೆಯುತ್ತಿದ್ದು ಅವುಗಳಲ್ಲಿ ಕನ್ನಡವೂ ಒಂದು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ. ಅರ್ಜಿ ತುಂಬುವಾಗ ಹತ್ತಿರವೆಂದು ಸಂಗಾರೆಡ್ಡಿಯನ್ನೋ ಹೈದರಾಬಾದನ್ನೋ ಆರಿಸಿದ ಮಗುವಿಗೆ ಕನ್ನಡದ ಆಯ್ಕೆ ತಪ್ಪಿಹೋಗುತ್ತದೆ. ಈ ಒಂದು ಸಾಲಿನ ತಿಳಿವಳಿಕೆ ನಮ್ಮ ಎಷ್ಟು ಮನೆಗಳಿಗೆ ತಲುಪಿದೆ?

ಇನ್ನೊಂದು ಸೂಕ್ಷ್ಮವಿದೆ. ಹತ್ತನೆಯದನ್ನು ಇಲ್ಲಿ ಮುಗಿಸಿ ಪಿಯುಸಿಗಾಗಿ ಬೀದರಕ್ಕೋ ಕಲಬುರಗಿಗೋ ಸೇಡಂಗೋ ಹೋಗುವುದು ನಮ್ಮಲ್ಲಿ ಬಹುಕಾಲದ ಪರಿಪಾಠ. ಕನ್ನಡದ ವಾತಾವರಣವಿದೆ, ನೆಂಟರ ಮನೆಯಿದೆ; ಒಳ್ಳೆಯದೇ. ಆದರೆ ತೆಲಂಗಾಣದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 85ರಷ್ಟು ಸೀಟುಗಳು ‘ಸ್ಥಳೀಯ’ರಿಗೆ ಮೀಸಲು, ಸ್ಥಳೀಯರೆನಿಸಿಕೊಳ್ಳಲು ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ ಇಲ್ಲಿಯೇ ಓದಿರಬೇಕೆಂಬುದು 1974ರ ರಾಷ್ಟ್ರಪತಿಗಳ ಆದೇಶದಿಂದ ಬಂದ ಮೂಲ ನಿಯಮ. ಎರಡು ವರ್ಷ ಗಡಿಯಾಚೆ ಓದಿ ಬಂದವನು ಹುಟ್ಟಿದ ಊರಿನಲ್ಲಿಯೇ ಪರಸ್ಥಳದವನಾಗಿ, ಉಳಿದ 15ರಲ್ಲಿ ಪೈಪೋಟಿ ಮಾಡಬೇಕಾಗುತ್ತದೆ. ಆದ್ದರಿಂದ ಯಾವ ದಡಕ್ಕೆ ಸೇರಬೇಕೆಂಬುದನ್ನು ಹತ್ತನೆಯ ತರಗತಿ ಮುಗಿದ ಕೂಡಲೇ ತೀರ್ಮಾನಿಸಬೇಕು. ಗಡಿಯಾಚೆಗೆ ಹೋಗುವುದಾದರೆ ಅಲ್ಲಿಯೂ ಒಂದು ಬಾಗಿಲಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ನಿಯಮಗಳಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದೇ ಅವಕಾಶವಿದ್ದು, ಅಂತಹ ಅಭ್ಯರ್ಥಿಗಳು ಕನ್ನಡ ಭಾಷಾ ಪರೀಕ್ಷೆಯನ್ನು ಬರೆಯಬೇಕು. ಇಂಗ್ಲಿಷ್ ಶಾಲೆಯಲ್ಲಿ ಓದಿ ಕನ್ನಡ ಬರೆಯಲಾರದ ನಮ್ಮವರ ಮಕ್ಕಳು ಈ ಬಾಗಿಲಲ್ಲಿ ನಿಂತು ಅಕ್ಷರಮಾಲೆ ಕಲಿಯಲು ಹವಣಿಸುತ್ತಾರೆ. ನಮ್ಮ ಶಾಲೆಯ ಮಗು ನಗುತ್ತಾ ಒಳಗೆ ಹೋಗಬಹುದು. ಕನ್ನಡ ಶಾಲೆಯಿಂದ ಬಿಡಿಸಿದರೆ ಕಂಪ್ಯೂಟರಿಗೆ ದಾರಿಯೆಂದು ತಿಳಿದವರು ಈ ವಿಚಿತ್ರವನ್ನು ಸ್ವಲ್ಪ ಯೋಚಿಸಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುವುದುಂಟು. ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಹೆಜ್ಜೆಯಿಡತಕ್ಕದ್ದು.

ಬಾಸರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯವನ್ನು ನಮ್ಮವರು ಬಹಳ ಕಡಿಮೆ ಬಲ್ಲರು. 2008ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಗ್ರಾಮೀಣ ಪ್ರತಿಭೆಗಳಿಗೆಂದೇ ಹುಟ್ಟಿದುದು. ಹತ್ತನೆಯದರ ಸಾಧನೆಯ ಮೇಲೆ ನೇರವಾಗಿ ಆರು ವರ್ಷದ ಬಿ.ಟೆಕ್.ಗೆ ತೆಗೆದುಕೊಳ್ಳುತ್ತದೆ, ಗಣಕ ವಿಜ್ಞಾನವೂ ಅಲ್ಲಿದೆ. ಹತ್ತನೆಯದರ ನಂತರ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಮುಗಿಸಿ, ಇಸೆಟ್ ಬರೆದು ಬಿ.ಟೆಕ್.ನ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ಹುಡುಗಿಯನ್ನು ದೂರ ಕಳುಹಿಸಲು ಮನೆಯವರು ಒಪ್ಪದಿದ್ದರೆ ನಮ್ಮ ಮೂರೂ ಊರುಗಳಲ್ಲಿ ಸರ್ಕಾರಿ ಪದವಿ ಕಾಲೇಜುಗಳಿವೆ. ಗಣಿತ ಹಿಡಿದು ಬಿ.ಎಸ್ಸಿ. ಮಾಡಿ, ಅನಂತರ ಐಸೆಟ್ ಬರೆದು ಎಂ.ಸಿ.ಎ. ಸೇರಬಹುದು. ಮನೆಯವರು ಒಪ್ಪದಿರುವುದೇ ಸರಿಯೆಂದು ನಾನು ಹೇಳುತ್ತಿಲ್ಲ. ಒಪ್ಪಿಸುವವರೆಗೆ ಹುಡುಗಿಯ ಓದು ನಿಲ್ಲಬಾರದು, ಅಷ್ಟೆ.

ಈಗ ಕೆಲವರಿಗೆ ಹಿಡಿಸದ ಮಾತು. ಕಳೆದ ಕೆಲವು ವರ್ಷಗಳಲ್ಲಿ ತೆಲಂಗಾಣದ ಎಂಜಿನಿಯರಿಂಗ್ ಸೀಟುಗಳಲ್ಲಿ ಸುಮಾರು ಮೂರನೇ ಎರಡು ಪಾಲು ಗಣಕ ವಿಜ್ಞಾನ ಮತ್ತು ಅದರ ಕವಲುಗಳ ಪಾಲಾದವು. ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ, ಸೈಬರ್ ಭದ್ರತೆ ಎಂದು ಒಂದೇ ಮರದ ಕೊಂಬೆಗಳಿಗೆ ಬೇರೆ ಬೇರೆ ಹೆಸರಿಟ್ಟು ಸೀಟು ಹೆಚ್ಚಿಸಿಕೊಂಡ ಕಾಲೇಜುಗಳೆಷ್ಟೋ. ಸೀಟು ಹೆಚ್ಚಿದ ವೇಗದಲ್ಲಿ ಒಳ್ಳೆಯ ಅಧ್ಯಾಪಕರು ಹೆಚ್ಚಲಿಲ್ಲವೆಂಬುದನ್ನು ಅದೇ ವೃತ್ತಿಯಲ್ಲಿರುವ ನಾನು ಮುಚ್ಚಿಡಲಾರೆ. ಅರ್ಹತೆಯ ರ‍್ಯಾಂಕಿಗೆ ಸೀಟು ಸಿಗದಾಗ ವ್ಯವಸ್ಥಾಪಕ ಮಂಡಳಿಯ ಸೀಟಿಗಾಗಿ ಎರಡೆಕರೆ ತೊಗರಿ ಹೊಲವನ್ನು ಮಾರಿದ ಕುಟುಂಬಗಳು ನಮ್ಮಲ್ಲಿವೆ. ಅಂತಹ ಕಾಲೇಜಿನ ಗಣಕ ವಿಜ್ಞಾನಕ್ಕಿಂತ ಒಳ್ಳೆಯ ಸರ್ಕಾರಿ ಕಾಲೇಜಿನ ವಿದ್ಯುತ್ ಅಥವಾ ಯಂತ್ರ ಎಂಜಿನಿಯರಿಂಗ್ ಎಷ್ಟೋ ಮೇಲು. ಜಹೀರಾಬಾದಿನಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆಯಿದೆ. ತಾಂಡೂರಿನ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಮನೆಯ ಮುಂದಿನ ಕಾರ್ಖಾನೆಗೆ ದೂರದೂರಿನ ಎಂಜಿನಿಯರು ಬರುವುದು, ನಮ್ಮ ಹುಡುಗ ಹೈದರಾಬಾದಿನ ಅಮೀರಪೇಟೆಯ ಕೋಚಿಂಗ್ ಕೇಂದ್ರಗಳಲ್ಲಿ ವರ್ಷಗಟ್ಟಲೆ ಸವೆಯುವುದು, ಇದು ಯಾವ ಲೆಕ್ಕ?

ಕಾಲೇಜನ್ನು ನೋಡಲು ಹೋದ ತಂದೆತಾಯಿಗಳು ಕಟ್ಟಡದ ಗಾಜನ್ನು ನೋಡಿ ಮರಳಬಾರದು. ಆ ವಿಭಾಗಕ್ಕೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆಯಿದೆಯೇ, ಪ್ರಯೋಗಶಾಲೆ ಸಂಜೆಯ ಹೊತ್ತು ತೆರೆದಿರುತ್ತದೆಯೇ, ಕಳೆದ ವರ್ಷದ ಅಧ್ಯಾಪಕರು ಈ ವರ್ಷವೂ ಇದ್ದಾರೆಯೇ ಎಂದು ಕೇಳಬೇಕು. ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಚಹಾ ಕುಡಿಸಿದರೆ ಇದೆಲ್ಲವೂ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಶುಲ್ಕ ಮರುಪಾವತಿಯನ್ನು ನಂಬಿ ಸೇರುವವರು, ಸರ್ಕಾರದ ಹಣ ತಡವಾದಾಗ ಪ್ರಮಾಣಪತ್ರಗಳನ್ನು ತಡೆಹಿಡಿಯುವ ಕಾಲೇಜುಗಳಿವೆಯೆಂಬುದನ್ನೂ ನೆನಪಿಡಬೇಕು.

ಇತ್ತೀಚೆಗೆ ಇನ್ನೊಂದು ಭಯ ಸೇರಿಕೊಂಡಿದೆ. 2022ರ ಕೊನೆಯಿಂದೀಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ತಾವೇ ಪ್ರೋಗ್ರಾಮ್ ಬರೆಯತೊಡಗಿವೆ. ಹಾಗಿದ್ದಮೇಲೆ ಈ ಪದವಿಯಾದರೂ ಏಕೆ ಎಂದು ಕೇಳುವವರಿದ್ದಾರೆ. ಯಂತ್ರವು ಕಸಿದುಕೊಳ್ಳುತ್ತಿರುವುದು ಮೂರು ತಿಂಗಳ ಕೋರ್ಸಿನಲ್ಲಿ ಕಲಿಸುವ, ಒಬ್ಬರು ಬರೆದುದನ್ನು ನೋಡಿ ಇನ್ನೊಬ್ಬರು ಬರೆಯುವ ಕೆಲಸವನ್ನು. ಯಂತ್ರ ಬರೆದದ್ದು ಸರಿಯೋ ತಪ್ಪೋ, ಹತ್ತು ಜನರಿಗೆ ಸರಿಹೋದದ್ದು ಹತ್ತು ಲಕ್ಷ ಜನರಿಗೆ ನಡೆದೀತೇ, ಯಾರ ಗುಟ್ಟು ಎಲ್ಲಿ ಸೋರುತ್ತಿದೆ ಎಂದು ಪರೀಕ್ಷಿಸಬಲ್ಲ ತಲೆಗೆ ಬೆಲೆ ಇಳಿದಿಲ್ಲ. ಅರೆಬರೆ ಕಲಿತವನ ದಾರಿ ಮಾತ್ರ ಮೊದಲಿಗಿಂತ ಕಿರಿದಾಗಿದೆ. ತಳಹದಿಯ ಗಣಿತ ಗಟ್ಟಿಯಿಲ್ಲದವನು ಈ ಪದವಿಗೆ ಬರಬಾರದೆಂಬ ನನ್ನ ಅಭಿಪ್ರಾಯ ಇದರಿಂದ ಇನ್ನಷ್ಟು ದೃಢವಾಗಿದೆ. ಇದರ ಜೊತೆಗೆ, ಈ ಯಂತ್ರಗಳು ಕನ್ನಡವನ್ನು ಇಂಗ್ಲಿಷಿನಷ್ಟು ಚೆನ್ನಾಗಿ ಬಲ್ಲವಾಗಿಲ್ಲ. ಬೀದರ, ತಾಂಡೂರುಗಳ ಆಡುಮಾತನ್ನಂತೂ ಬಲ್ಲವೇ ಅಲ್ಲ. ಅವಕ್ಕೆ ನಮ್ಮ ಮಾತನ್ನು ಕಲಿಸುವ ಕೆಲಸ ಮುಂದೆ ಯಾರದೋ ಪಾಲಾಗಲಿದೆ. ಎರಡನ್ನೂ ಬಲ್ಲವರ ಪಾಲಾದರೆ ಒಳ್ಳೆಯದು.

ಹಾಗಾದರೆ ಶಾಲೆ ಮಾಡಬೇಕಾದುದೇನು? ಕಂಪ್ಯೂಟರ್ ಕೋಣೆ ಕಟ್ಟಿಸಿ ಫಲಕ ತೂಗುಹಾಕುವುದಲ್ಲ. ಸುವರ್ಣ ಮಹೋತ್ಸವದ ದೇಣಿಗೆಯಲ್ಲಿ ಕಮಾನು, ವೇದಿಕೆಗಳ ಖರ್ಚು ಕಳೆದು ಏನಾದರೂ ಉಳಿದರೆ, ಮೊದಲು ಗಣಿತದ ಶಿಕ್ಷಕರ ಹುದ್ದೆ ಒಂದು ದಿನವೂ ಖಾಲಿಯಿರದಂತೆ ನೋಡಿಕೊಳ್ಳಬೇಕು. ಸರ್ಕಾರ ನೇಮಿಸುವವರೆಗೆ ಹಳೆಯ ವಿದ್ಯಾರ್ಥಿಗಳೇ ಗೌರವಧನ ಕೊಟ್ಟು ಒಬ್ಬರನ್ನು ಇರಿಸಬೇಕು. ಎಂಟನೆಯ ತರಗತಿಯಿಂದ ವಾರಕ್ಕೆ ಎರಡು ಗಂಟೆ ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸವಿರಬೇಕು, ಅದೂ ವಿಜ್ಞಾನ ಮತ್ತು ಗಣಿತದ ಪಾಠಗಳನ್ನೇ ಇಟ್ಟುಕೊಂಡು. ಮಾತಾಡುವ ಇಂಗ್ಲಿಷ್ ಆಮೇಲೆ ತಾನಾಗಿ ಬರುತ್ತದೆ. ಓದುವ ಇಂಗ್ಲಿಷ್ ಹಾಗಲ್ಲ. ಇಂಟರ್ ಮುಗಿಸಿ ಪದವಿಗೆ ಹೊರಡುವ ಮಕ್ಕಳಿಗೆ ಬೇಸಿಗೆಯಲ್ಲಿ ನಾಲ್ಕು ವಾರದ ಶಿಬಿರ ನಡೆಯಬೇಕು. ಬೆಂಗಳೂರು, ಹೈದರಾಬಾದುಗಳ ಕಂಪನಿಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಸರದಿಯಂತೆ ಒಂದೊಂದು ಭಾನುವಾರ ಬಂದರೆ ಸಾಕು. ಆ ಶಿಬಿರದಲ್ಲಿ ಮೊದಲ ಸೆಮಿಸ್ಟರಿನ ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ಬರೆದ ಒಂದು ಚಿಕ್ಕ ಪುಸ್ತಿಕೆಯನ್ನು ಕೈಗಿಡಬೇಕು. ಅದನ್ನು ಸಿದ್ಧಪಡಿಸುವ ಕೆಲಸವನ್ನು ನಾನು ವಹಿಸಿಕೊಳ್ಳಬಲ್ಲೆ. ತೆಲುಗಿನ ಕಂಬಸಾಲನ್ನು ತಿದ್ದಿಕೊಡುವವರೊಬ್ಬರು ಜೊತೆಗೆ ಬೇಕು.

ಕೊನೆಯದಾಗಿ ಅರ್ಜಿಗಳ ವಿಷಯ. ಜೆಇಇಗೆ ಕೇಂದ್ರ ಆರಿಸುವುದರಿಂದ ಹಿಡಿದು ಹೊರನಾಡು ಕನ್ನಡಿಗರ ಭಾಷಾ ಪರೀಕ್ಷೆ, ಸ್ಥಳೀಯತೆಯ ವ್ಯಾಸಂಗ ಪ್ರಮಾಣಪತ್ರಗಳವರೆಗೆ ಎಲ್ಲವನ್ನೂ ಬಲ್ಲ ಒಬ್ಬರು, ಹತ್ತನೆಯ ತರಗತಿಯ ಫಲಿತಾಂಶ ಬಂದಲ್ಲಿಂದ ಜುಲೈ ಕೊನೆಯವರೆಗೆ, ವಾರಕ್ಕೆ ಎರಡು ದಿನ ಶಾಲೆಯ ಕಚೇರಿಯಲ್ಲಿ ಕುಳಿತುಕೊಳ್ಳಬೇಕು. ಒಂದು ಮೇಜು, ಎರಡು ಕುರ್ಚಿ, ಒಂದು ಗಣಕಯಂತ್ರ ಸಾಕಾದೀತು. ನಿವೃತ್ತರಾದ ನಮ್ಮ ಗುರುಗಳಲ್ಲಿಯೇ ಯಾರಾದರೂ ಒಪ್ಪಿಯಾರೆಂದು ನಂಬಿದ್ದೇನೆ. ಮಹೋತ್ಸವ ಸಮಿತಿಯವರು ಚಪ್ಪರ ಬಿಚ್ಚುವ ಮೊದಲು ಅವರ ಹೆಸರನ್ನು ಗೊತ್ತುಮಾಡಿದರೆ ಬರುವ ಮೇ ತಿಂಗಳಿನಿಂದಲೇ ಆರಂಭಿಸಬಹುದು.